ಅಣ್ಣನ ಮುಂದೆ ನಡೆದ ದಿನ

ಹೋದ ವರ್ಷ ಕಾರ್ತಿಕ ಮಾಸದಲ್ಲಿ ನಮ್ಮವ್ವ ತೀರಿಕೊಂಡಳು. ನಾನು ಹುಲಿಕುಂಟೆ ಕಡೆಗೆ ಮದುವೆಯಾಗಿ ಹೋದವಳು. ಸುದ್ದಿ ತಿಳಿದು ಬಡವನಹಳ್ಳಿ ಹತ್ತಿರದ ತವರಿಗೆ ಓಡಿಬರುವಾಗ ದಾರಿಯುದ್ದಕ್ಕೂ ನನಗಿದ್ದ ಚಿಂತೆ ಅಣ್ಣನದು.

ಅಣ್ಣ ಸೈನ್ಯದಲ್ಲಿದ್ದ. ಗಡಿಯಲ್ಲಿ ಯುದ್ಧವಾದಾಗ ಅಲ್ಲೇ ಇದ್ದ. ಮೈಮೇಲೆ ಒಂದು ಗೀರೂ ಇಲ್ಲದೆ ಊರಿಗೆ ಬಂದಾಗ ಜನ ಬ್ಯಾನರ್ ಕಟ್ಟಿ, ಹಾರ ಹಾಕಿ ಮೆರೆಸಿದರು. ಆ ಬ್ಯಾನರ್ ಹರಿಯುವ ಮೊದಲೇ ನಮಗೆ ಗೊತ್ತಾಯಿತು, ಇವನು ಸೈನ್ಯಕ್ಕೆ ಹೋದ ಅಣ್ಣನಲ್ಲ ಎಂದು. ಡಾಂಬರು ರಸ್ತೆಯಲ್ಲಿ ಎಲ್ಲರಂತೆ ನಡೆಯುತ್ತಿದ್ದ. ಮಣ್ಣಿಗಿಳಿದರೆ ಮಾತ್ರ, ಬೇರೆಯವರ ಹೆಜ್ಜೆ ಗುರುತು ಇಲ್ಲದ ಕಡೆ ಕಾಲಿಡುತ್ತಿರಲಿಲ್ಲ. ಗಡಿಯಲ್ಲಿ ನೆಲದೊಳಗೆ ಬಾಂಬು ಹೂತಿಟ್ಟಿರುತ್ತಾರೆ ಎಂದಷ್ಟೇ ಹೇಳಿದ್ದ. ಹೊಲಕ್ಕೆ ಹೋಗುವಾಗ ಅವ್ವ ಮುಂದೆ, ಅವಳ ಹೆಜ್ಜೆ ಮೇಲೆ ಹೆಜ್ಜೆಯಿಟ್ಟು ಇವನು ಹಿಂದೆ. ನೋಡಿದವರು ನಗುತ್ತಿದ್ದರು. ನಗುವವರಿಗೇನು! ಡಾಕ್ಟರು ಕೊಟ್ಟ ಮಾತ್ರೆಯನ್ನೂ ನುಂಗಿದ. ನಡಿಗೆ ಬದಲಾಗಲಿಲ್ಲ.

ನಮ್ಮಲ್ಲಿ ಹೆಣದ ಮುಂದೆ ಹಿರಿಮಗ ಕೆಂಡದ ಮಡಕೆ ಹಿಡಿದು ನಡೆಯಬೇಕು. ಅವನ ಮುಂದೆ ಇನ್ನೊಬ್ಬರು ಹೋಗುವಂತಿಲ್ಲ. ಹೊಲದ ಆಚೆ ತುದಿಯಲ್ಲಿ, ಅಪ್ಪನ ಸಮಾಧಿ ಪಕ್ಕದಲ್ಲೇ ಅವ್ವನಿಗೆ ಗುಂಡಿ ತೋಡಿದ್ದರು. ತೋಡಿದವರು ಬದುವಿನ ಮೇಲೆ ಹೋಗಿದ್ದರು. ಚಟ್ಟ ಹೊತ್ತವರಿಗೆ ಆ ಕಿರಿದಾದ ಬದುವಿನಲ್ಲಿ ಹೋಗಲಾಗದು. ಕಡಲೆಕಾಯಿ ಕಿತ್ತು ಉತ್ತಿದ್ದ ಹೊಲ, ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಮಣ್ಣಿನ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

ಊರೊಳಗೆ ಅಣ್ಣ ಸರಿಯಾಗಿಯೇ ನಡೆದ. ಹೊಲದ ಅಂಚಿಗೆ ಬಂದವನು ನಿಂತುಬಿಟ್ಟ.

"ಯಾಕ್ಲಾ ನಿಂತ್ಕಂಡೆ? ನಡೀಲಾ, ಹೊತ್ತು ಮುಳುಗ್ತದೆ," ಎಂದರು ದೊಡ್ಡಪ್ಪ.

"ಯಾರೂ ಕಾಲಿಕ್ಕಬ್ಯಾಡಿ!" ಅಣ್ಣ ಕಿರುಚಿದ.

ಚಟ್ಟ ಹೊತ್ತವರು ಹೆಗಲು ಬದಲಿಸಿದರು. "ಹೆತ್ತವ್ವನ್ನ ಇಂಗೆ ದಾರೀಲಿ ನಿಲ್ಲಿಸ್ತಾರೇನ್ಲಾ?" ಎಂದು ಹಿಂದಿನಿಂದ ಯಾರೋ ಬೈದರು. ಅಣ್ಣ ಚಟ್ಟದ ಕಡೆ ತಿರುಗಿ, "ಅವ್ವಾ, ನೀನು ಮುಂದ್ಕೆ ಬಾ," ಎಂದ.

ನಾನು ಹೆಂಗಸರ ಗುಂಪಿನಿಂದ ಹೊರಬಂದು ಹೊಲಕ್ಕಿಳಿದೆ. "ಬೆಂಕಿ ಮುಂದೆ ಹೋಗ್ಬ್ಯಾಡ ಕಣಮ್ಮ, ಕೆಟ್ಟದ್ದು," ಎಂದರು ದೊಡ್ಡಪ್ಪ. ಶಾಸ್ತ್ರ ಹಾಳಾಗಿ ಹೋಗಲಿ ಎಂದುಕೊಂಡು ಪಾದ ಒತ್ತಿ ಒತ್ತಿ ಇಡುತ್ತಾ ನಡೆದೆ.

"ಬಾರಣ್ಣ, ನನ್ನ ಹೆಜ್ಜೆ ಮ್ಯಾಲೆ ಬಾ."

"ಬ್ಯಾಡ ಕಣೇ! ಅವತ್ತು ಗಡೀಲಿ ನನ್ ಮುಂದೆ ನಡೆದೋನೇ ಬಾಂಬಿನ ಮ್ಯಾಲೆ ಕಾಲಿಟ್ಟ, ಹೋಗ್ಬುಟ್ಟ ಕಣೇ!"

ಹೊಲದುದ್ದಕ್ಕೂ ಅದನ್ನೇ ಹೇಳಿ ಅಳುತ್ತಾ ನನ್ನ ಹೆಜ್ಜೆ ಮೇಲೆ ಬಂದ. ಸೈನ್ಯದ ಆ ಗೆಳೆಯನ ವಿಷಯ ನನಗೆ ತಿಳಿದದ್ದೇ ಹೀಗೆ, ಅವ್ವನ ಹೆಣದ ಮುಂದೆ ನಡೆಯುತ್ತಾ. ದಿನಾ ಅವ್ವನ ಹಿಂದೆ ನಡೆಯುವಾಗಲೂ ಅವನು ಇದೇ ಹೆದರಿಕೆಯಲ್ಲಿದ್ದನೇ?

ಗುಂಡಿಯ ಹತ್ತಿರ ಮಡಕೆ ಇಳಿಸಿದವನೇ ಕುಸಿದು ಕೂತು ನನ್ನ ಕಾಲು ಹಿಡಿದುಕೊಂಡ. ಅಣ್ಣನಾದವನು ತಂಗಿಯ ಕಾಲು ಹಿಡಿಯುವುದೇ ಎಂದು ಬಿಡಿಸಿಕೊಳ್ಳಲು ಹೋದೆ. ಬಿಡಲಿಲ್ಲ. ಮಣ್ಣು ಒರೆಸಿ, ಹಿಮ್ಮಡಿಯಿಂದ ಬೆರಳಿನವರೆಗೂ ತಡವಿ ನೋಡಿ, "ಎಲ್ಡೂ ಅವೆ," ಎಂದ. ಅವ್ವನಿಗೆ ಮಣ್ಣು ಹಾಕುವಾಗಲೂ ಅವನ ಒಂದು ಕೈ ನನ್ನ ಪಾದದ ಮೇಲೇ ಇತ್ತು.

ಯುದ್ಧ ಮುಗಿಯಿತು ಎಂದು ಟೀವಿಯಲ್ಲಿ ಹೇಳಿ ಎಷ್ಟೋ ಕಾಲವಾಯಿತು. ಅಣ್ಣ ಈಗ ಸಿಮೆಂಟ್ ಜಗಲಿ ಬಿಟ್ಟು ಕೆಳಗಿಳಿಯುವುದಿಲ್ಲ. ದೊಡ್ಡಪ್ಪನ ಮನೆಯಿಂದ ಊಟ ಬರುತ್ತದೆ. ಅವ್ವನ ಸಮಾಧಿಗೆ ಮತ್ತೆ ಹೋಗಿಲ್ಲ. ಅವನು ವಾಸಿಯಾಗುತ್ತಾನೆ ಎಂಬ ಆಸೆಯನ್ನು ನಾನು ಬಿಟ್ಟಿದ್ದೇನೆ. ಫೋನ್ ಮಾಡಿದಾಗಲೆಲ್ಲ ಅವನು ಮೊದಲು ಕೇಳುವುದು, "ಕಾಲು ಅವೇನೇ?"

ಅವೆ ಅಣ್ಣ, ಎನ್ನುತ್ತೇನೆ. "ಬಗ್ಗಿ ನೋಡ್ಕಂಡು ಹೇಳು," ಎನ್ನುತ್ತಾನೆ. ನಾನು ಬಗ್ಗಿ ನೋಡಿಕೊಳ್ಳುತ್ತೇನೆ.