ಮೊಣಕಾಲಲ್ಲಿ ಕಿವಿ ಇರುವ ಹುಡುಗಿಯರು

ಹಡಪಸರದ ನಮ್ಮ ಮನೆಯಲ್ಲಿ ನನ್ನ ಕೋಣೆಯಷ್ಟು ಶಾಂತ ಜಾಗ ಇನ್ನೊಂದಿಲ್ಲ. ಅದಕ್ಕೇ ಮೊಮ್ಮಗಳು ತನ್ನ ಹುಳಗಳನ್ನು ಅಲ್ಲಿ ತಂದಿಟ್ಟಳು. ಸಂಜೆಯಾದರೆ ಗೋಡೆಯ ಬಿರುಕಿನಲ್ಲಿ ಕೂತು ಚಿರ್ ಚಿರ್ ಎನ್ನುತ್ತವಲ್ಲ, ಆ ಚಿಮ್ಮಂಡೆಗಳು. ಅವಕ್ಕೆ ಸದ್ದು ಹೇಗೆ ತಿಳಿಯುತ್ತದೆ ಎನ್ನುವುದೇ ಅವಳ ಪಿಎಚ್‌ಡಿ. ಲ್ಯಾಬಿನಲ್ಲಿ ನಾಲ್ಕು ದಿನ ಗೋಡೆ ಕೊರೆಯುವ ಕೆಲಸವಿತ್ತು.

"ಇವೆಲ್ಲ ಹೆಣ್ಣು, ಅಜ್ಜಿ. ಹುಟ್ಟಿದಾಗಿನಿಂದ ಗಂಡಿನ ಹಾಡು ಕೇಳೇ ಇಲ್ಲ. ಕೇಳಬಾರ್ದು. ಟಿವಿ ಸೈತ ಹಚ್ಚಬ್ಯಾಡ."

"ಕಿವಿ ಎಲ್ಲಿ ಅದಾವ ಇವಕ್ಕ?"

"ಮುಂಗಾಲಾಗ, ಮೊಣಕಾಲಿನ ಕೆಳಗ."

"ನನ್ನ ಮೊಣಕಾಲಿಗೆ ನೋವು ಬಿಟ್ರ ಏನೂ ಗೊತ್ತಾಗೂದಿಲ್ಲವ್ವಾ."

ಅವಳು ನಕ್ಕು, ವಿವರಿಸಿದಳು. ಗಂಡು ರೆಕ್ಕೆ ಉಜ್ಜಿ ಹಾಡುತ್ತದೆ. ಹೆಣ್ಣಿನ ತಲೆಯಲ್ಲಿ ಕೂದಲೆಳೆಗಿಂತ ಸಣ್ಣ ಕೆಲವು ನರಗಳು ಆ ಹಾಡಿನ ತಾಳ ನೋಡುತ್ತವೆ. ತಾಳ ಸರಿ ಬಂದರೆ, ಯಾವ ಕಾಲಿಗೆ ಸದ್ದು ಜೋರಾಗಿ ಕೇಳುತ್ತದೋ ಆ ಕಡೆ ಹೆಣ್ಣು ನಡೆಯುತ್ತದೆ. ಮೊದಲ ಸಲ ಕೇಳಿದಾಗ ಆ ನರಗಳು ಏನು ಮಾಡುತ್ತವೆ ಎಂದು ಅವಳು ಅಳೆಯಬೇಕಿತ್ತು.

ನನಗೆ ಹೊಸ ಫೋನು ಬಂದು ತಿಂಗಳಾಗಿತ್ತು. ಟೈಪ್ ಮಾಡುವುದು, ಸದ್ದು ರೆಕಾರ್ಡ್ ಮಾಡುವುದು ಎರಡನ್ನೂ ಕಲಿಸಿದವಳು ಅವಳೇ. ಕೋಣೆಯವರೆಗೆ ಸದ್ದು ಬಾರದ ಕೆಳಗಿನ ತೋಟದಲ್ಲಿ ಹಾಡುತ್ತಿದ್ದ ಒಂದು ಗಂಡಿನ ಸದ್ದನ್ನು ಆಗಲೇ ಹಿಡಿದಿಟ್ಟುಕೊಂಡಿದ್ದೆ.

ಅವಳು ಹೊರಗೆ ಹೋದ ಮೇಲೆ, ಒಂದು ಸಲ ನೋಡೇಬಿಡೋಣ ಎಂದು, ಹುಳಗಳ ಡಬ್ಬಿಯ ಬದಿಗೆ ಫೋನಿಟ್ಟು ಹಾಡು ಹಚ್ಚಿದೆ. ಎಲ್ಲ ಹುಳಗಳೂ ತಟಕ್ಕನೆ ನಿಂತವು. ಆಮೇಲೆ ಒಂದರ ಹಿಂದೆ ಒಂದು ಫೋನಿನ ಕಡೆ ಬಂದವು. ಫೋನನ್ನು ಆ ಬದಿಗೆ ಒಯ್ದರೆ ಅಲ್ಲಿಗೂ ಬಂದವು. ಪಕ್ಕದ ಮನೆಯ ಮರಾಠಿ ಕಾಕೂವನ್ನು ಕರೆದು ತೋರಿಸಿದೆ.

"ನೋಡ್ರಿ, ವರ ನೋಡಾಕ ಹೊಂಟಾರ," ಎಂದೆ, ಮರಾಠಿಯಲ್ಲಿ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಪುನ್ಹಾ ಲಾವಾ, ಆಜಿ," ಇನ್ನೊಮ್ಮೆ ಹಚ್ಚಿ ಎಂದಳು. ಹಚ್ಚಿದೆ. ನಾಲ್ಕೂ ಮಧ್ಯಾಹ್ನ ಇದೇ ಆಟ. ಕೊನೆಯ ದಿನ ಎರಡೋ ಮೂರೋ ಹುಳ ಮೀಸೆ ಅಲ್ಲಾಡಿಸಿದವು, ಉಳಿದವು ಕೂತಲ್ಲೇ ಕೂತವು. ಬೇಜಾರಾಗಿರಬೇಕು ಎಂದುಕೊಂಡೆ.

ಎರಡು ವಾರದ ನಂತರ ಮೊಮ್ಮಗಳು ಊಟದ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯುತ್ತಲೇ ಇದ್ದಳು, ತಿನ್ನಲಿಲ್ಲ. ಹುಳಗಳು ಹಾಡಿಗೆ ಸರಿಯಾಗಿ ಓಗೊಡುತ್ತಿಲ್ಲವಂತೆ. ಅವುಗಳನ್ನು ಸರಿಯಾಗಿ ಸಾಕಿದ್ದೀಯಾ ಎಂದು ಅವಳ ಮೇಡಂ ಎಲ್ಲರೆದುರು ಕೇಳಿದರಂತೆ.

"ನಂದೇ ತಪ್ಪು ಅಜ್ಜಿ. ಲ್ಯಾಬಿನ ಸಪ್ಪಳ ಶುರುವಾಗೂಕಿಂತ ಮೊದಲೇ ಇಲ್ಲಿ ತರಬೇಕಿತ್ತು."

ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದು, "ಹುಳಕ್ಕ ಯಾಕ ಅಳ್ತಿ? ಹೋದ್ರ ಹೋಗ್ಲಿ ಬಿಡು."

ಅವಳು ಎದ್ದು ಕೈ ತೊಳೆದಳು. ಹುಳಗಳಿಗೆ ಮಾಡಿದ್ದಕ್ಕಿಂತ ಆ ಮಾತಿಗೆ ಈಗಲೂ ನನಗೆ ನಾಚಿಕೆ. ಎರಡು ದಿನ ಅವಳ ಮುಖ ನೋಡದೆ ಕಳೆದೆ. ಬಾಯಿ ತೆರೆದರೆ ಏನೋ ಒಂದು ಚೇಷ್ಟೆಯ ಮಾತೇ ಬರುತ್ತಿತ್ತು. ಬೆರಳಿಗೆ ಆ ಚಟವಿನ್ನೂ ಅಂಟಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಒಂದೇ ಬೆರಳಿನಲ್ಲಿ ಟೈಪ್ ಮಾಡಿದೆ: "ಹಾಡು ನಾ ಹಚ್ಚಿದ್ದೆ. ನಿನ್ನ ತಪ್ಪಿಲ್ಲ." ಪಕ್ಕದ ಕೋಣೆಯಲ್ಲೇ ಇದ್ದ ಅವಳಿಗೆ ಕಳಿಸಿ, ಮಂಚದ ಮೇಲೆ ಕೂತೆ.

ಬೈಯುತ್ತಾಳೆಂದು ಕಾದೆ. ಅವಳು ನೋಟ್‌ಬುಕ್ ಹಿಡಿದು ಬಂದು ಎದುರಿಗೆ ಕೂತಳು. ಕಣ್ಣು ಕೆಂಪಗಿದ್ದವು.

"ಹೊಸ ಮರಿ ಸಾಕಬೇಕು. ಮತ್ತ ಎರಡು ತಿಂಗಳು," ಎಂದಳು. "ಮೇಡಂಗೆ ಎಲ್ಲಾ ಹೇಳಬೇಕು. ದಿನಕ್ಕ ಎಷ್ಟು ಸಲ ಹಚ್ಚಿದಿ?"

"ಎರಡು ಸಲ."

ಅವಳು ಬರೆದುಕೊಂಡಳು. ಪೆನ್ನು ಕಾಗದದ ಮೇಲೆ ಸರಿಯುವ ಸದ್ದು ನನ್ನ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಅಳಿಸು," ಎಂದೆ. "ಭಾಳ ಸಲ. ಅಜ್ಜಿಗೆ ಲೆಕ್ಕ ನೆನಪಿಲ್ಲದಷ್ಟು ಸಲ ಅಂತ ಬರಿ."