ಇಟಲಿಯವರ ಹೆಸರು ಹೇಳಿಕೊಂಡು

ಇಂಡಿ, ಸಿಂದಗಿ, ಮುದ್ದೇಬಿಹಾಳ ಅಂತ ತಾಲೂಕು ತಾಲೂಕು ಸುತ್ತಿ ಮೂವತ್ತೊಂದು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದ ನಾನು, ಇಟಲಿಯ ಹಳೆಯ ಚಿತ್ರಕಾರರಲ್ಲಿ ಒಬ್ಬರ ಹೆಸರನ್ನೂ ಸರಿಯಾಗಿ ಉಚ್ಚರಿಸಿದವನಲ್ಲ. ತಪ್ಪು ಎನ್ನುವವರು ಸುತ್ತಮುತ್ತ ಯಾರೂ ಇರಲಿಲ್ಲವಾದ್ದರಿಂದ ನಾನು ಹೇಳಿದ್ದೇ ಉಚ್ಚಾರವಾಗಿತ್ತು. ನಿವೃತ್ತನಾದ ಮೇಲೆ ಮೊಮ್ಮಗಳ ಮೊಬೈಲಿನಲ್ಲಿ ಆ ಹೆಸರುಗಳನ್ನು ಇಟಲಿಯವರ ಬಾಯಲ್ಲೇ ಕೇಳಿಸಿಕೊಂಡೆ. ಹಾಗಾಗಿ ಇಲ್ಲಿ ಹೆಸರೆತ್ತುವ ಧೈರ್ಯ ಮಾಡುವುದಿಲ್ಲ. ಅಟ್ಟಣಿಗೆ ಹತ್ತಿ ಕತ್ತು ಹಿಂದಕ್ಕೆ ಚಾಚಿಕೊಂಡು ನಾಲ್ಕು ವರ್ಷ ಚಾವಣಿಗೆ ಬಣ್ಣ ಹಚ್ಚಿದವನು, ನಗುತ್ತಾಳೋ ಇಲ್ಲವೋ ತಿಳಿಯದ ಹೆಂಗಸನ್ನು ಬರೆದವನು, ಕತ್ತಲ ಕೋಣೆಗೆ ಒಂದೇ ಮೂಲೆಯಿಂದ ಬೆಳಕು ಬಿಟ್ಟವನು, ಇಷ್ಟೆಂದರೆ ನಿಮಗೂ ಗುರುತು ಸಿಕ್ಕೀತು.

ಇವರನ್ನೆಲ್ಲ ನಾನು ಬಲ್ಲೆನೆಂದು ಊರು ನಂಬಿತ್ತು. ಆ ನಂಬಿಕೆಗೆ ಕಾರಣ, ಸೊಲ್ಲಾಪುರದ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಒಂದು ದಪ್ಪ ಪುಸ್ತಕ. ಎತ್ತಿದರೆ ರಟ್ಟೆ ನೋಯುವಷ್ಟು ಭಾರ. ಅದನ್ನು ಎದೆಗವಚಿಕೊಂಡು ತರಗತಿಗೆ ಹೋಗುವಾಗ ನಾನೇ ಅರ್ಧ ಇಟಲಿಯವನಂತೆ ನಡೆಯುತ್ತಿದ್ದೆ. ಚಾವಣಿಯ ಕತೆ ಹೇಳಿದ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಬಣ್ಣ ಆತನ ಕಣ್ಣಲ್ಲಿ ಬೀಳುತ್ತಿರಲಿಲ್ಲವೇ ಎಂದು ಕೇಳಿದಳು. ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಅವಳನ್ನು ಕೂರಿಸಿ ಹೂಜಿಯ ಚಿತ್ರ ಬರೆಯಲು ಹಚ್ಚಿದೆ. ಬಣ್ಣ ಕಣ್ಣಲ್ಲಿ ಬೀಳುತ್ತಿತ್ತು ಎಂದು ಆಮೇಲೆ ಅದೇ ಪುಸ್ತಕದಲ್ಲಿ ಓದಿದೆ. ಅವಳಿಗೆ ಮಾತ್ರ ಹೇಳಲಿಲ್ಲ.

ನನ್ನ ಕೊನೆಯ ಶಾಲೆ ಇಂಡಿ ತಾಲೂಕಿನಲ್ಲಿತ್ತು. ಅಲ್ಲಿಯ ಗೋಡೆಗೆ ಭಾರತದ ನಕಾಶೆ ಬರೆಯಲು ಪೇಂಟರ್ ರಜಾಕ ಬಂದ. ಬಸವನ ಬಾಗೇವಾಡಿಯವನು, ಇಂಡಿಯಲ್ಲಿ ಅಂಗಡಿ ಬೋರ್ಡು, ಟ್ರ್ಯಾಕ್ಟರಿನ ಹೆಸರು ಬರೆದು ಬದುಕುತ್ತಿದ್ದವನು. ಏಳನೆಯ ತರಗತಿಗೇ ಸಾಲಿ ಬಿಟ್ಟಿದ್ದ. ಚಹಾದ ಹೊತ್ತಿಗೆ ಸ್ಟಾಫ್ ರೂಮಿಗೆ ಬಂದವನು ಕೈ ಒರೆಸಿಕೊಂಡು, ನನ್ನ ಮೇಜಿನ ಮೇಲಿದ್ದ ಆ ದಪ್ಪ ಪುಸ್ತಕದ ಪುಟ ತಿರುವಲೇ ಎಂದು ನನ್ನ ಅಪ್ಪಣೆ ಕೇಳಿದ. ತಾಯಿ ಮಗುವಿನ ಚಿತ್ರವೊಂದರಲ್ಲಿ ನಿಂತುಬಿಟ್ಟ. ತಾಯಿ ಮಗು ಸೇರಿ ತ್ರಿಕೋನವಾಗುವ ರಚನೆಯ ಬಗ್ಗೆ ನಾನು ಶುರು ಮಾಡಿದೆ. ಅವನು ಮುಗಿಯುವವರೆಗೆ ವಿನಯದಿಂದ ಕೇಳಿ, "ಈಕಿ ಎಡಗೈ ಸೋತೈತ್ರಿ ಸರ್. ಕೂಸು ಭಾಳ ಹೊತ್ತಿನಿಂದ ತೋಳಾಗ ಐತಿ. ಆದ್ರೂ ಇಳಿಸವಲ್ಲಳು" ಎಂದ.

ಇಪ್ಪತ್ತು ವರ್ಷ ಆ ಚಿತ್ರವನ್ನು ಮಕ್ಕಳಿಗೆ ತೋರಿಸಿದ್ದೆ. ಸೋತ ಕೈ ನನಗೆ ಒಮ್ಮೆಯೂ ಕಂಡಿರಲಿಲ್ಲ. ಆಮೇಲೆ ನಕಾಶೆ ಮುಗಿದರೂ ರಜಾಕ ಶನಿವಾರಕ್ಕೊಮ್ಮೆ ಪುಸ್ತಕ ನೋಡಲು ಬರತೊಡಗಿದ. ಕತ್ತಲ ಕೋಣೆಯ ಚಿತ್ರಗಳಲ್ಲಿ ಬೆಳಕು ಬಿದ್ದವರನ್ನಲ್ಲ, ಬೆಳಕು ಯಾರನ್ನು ಬಿಟ್ಟು ಹೋಯಿತೋ ಅವರನ್ನು ಹುಡುಕುತ್ತಿದ್ದ. ನಾನು ಹೊರಗೆ ಶಹಬಾಸ್ ಎನ್ನುತ್ತಿದ್ದೆ. ಒಳಗೆ ಉರಿಯುತ್ತಿತ್ತು. ಡಿಪ್ಲೊಮಾ ನನ್ನದು, ಪುಸ್ತಕ ನನ್ನದು, ಕಣ್ಣು ಮಾತ್ರ ಅವನದು.

ಆ ವರ್ಷ ಶಾಲೆಗೆ ಹೊಸ ಸಭಾಂಗಣವಾಯಿತು. ಜಾಗ ಕೊಟ್ಟಿದ್ದವಳು ಅಗರಖೇಡದ ಕಡೆಯ ಗೌರವ್ವ ಎಂಬ ಮುದುಕಿ. ಅವಳದೊಂದು ಚಿತ್ರ ಅಲ್ಲಿರಬೇಕೆಂದು ಕಮಿಟಿ ತೀರ್ಮಾನಿಸಿತು. ರಜಾಕನ ಹೆಸರು ಹೇಳಿದವನು ನಾನೇ. ಅವನು ಎಂಟು ಮಧ್ಯಾಹ್ನ ಮುದುಕಿಯ ಕಟ್ಟೆಯ ಮೇಲೆ ಕೂತು ಮರದ ಹಲಗೆಗೆ ಬರೆದ. ಪೊರೆ ಬಂದ ಒಂದು ಕಣ್ಣು, ಕಳೆ ತೆಗೆದು ತೆಗೆದು ಸೊಟ್ಟಗಾದ ಬೆರಳು, ಬರಿಗೊರಳು. ಮುದುಕಿ ಅದನ್ನು ಬಹಳ ಹೊತ್ತು ನೋಡಿ, "ಹೌದ, ಇಕಿ ನಾನಽ. ಇಷ್ಟ ದಿನಾ ಯಾರೂ ನನ್ನ ಹಿಂಗ ನೋಡಿದ್ದಿಲ್ಲ" ಅಂದಳು.

ಅವಳ ಹಿರಿಯ ಮಗ ಕಮಿಟಿಯ ಅಧ್ಯಕ್ಷ. ಅವನಿಗೆ ಚಿತ್ರ ಸಿಟ್ಟು ತರಿಸಿತು. ಅವ್ವನನ್ನು ಕೂಲಿಯವಳಂತೆ ಬರೆದಿದ್ದಾನೆ, ಸರ ಎಲ್ಲಿ, ಕಣ್ಣೇಕೆ ಹಾಗೆ ಎಂದು ಎಲ್ಲರೆದುರು ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, ನೀವು ಕಲಿತವರು, ನೀವೇ ಹೇಳಿರಿ ಎಂದ. ಉದ್ಘಾಟನೆಯ ಸಮಾರಂಭದ ವೇದಿಕೆಯಲ್ಲಿ ನನಗೊಂದು ಕುರ್ಚಿ, ಒಂದು ಶಾಲು ನಿಗದಿಯಾಗಿತ್ತು. ಚಿತ್ರ ಸರಿಯಿತ್ತು. ನನ್ನ ಜೀವಮಾನದಲ್ಲಿ ಎದುರಿಗೆ ನಿಂತು ನೋಡಿದ ಚಿತ್ರಗಳಲ್ಲಿ ಅಷ್ಟು ಸರಿಯಾದದ್ದು ಇನ್ನೊಂದಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಇಟಲಿಯವರ ಹೆಸರುಗಳನ್ನು ಸಾಲಾಗಿ ಹೇಳಿದೆ. ಅವರು ಬೆಳಕನ್ನು ಹೀಗೆ ಹಾಕುತ್ತಿರಲಿಲ್ಲ, ಪ್ರಮಾಣ ತಪ್ಪಿದೆ, ಅಭ್ಯಾಸ ಸಾಲದು ಎಂದೆ.

ರಜಾಕ ಕೈಯಲ್ಲಿ ಬಣ್ಣದ ಅರಿವೆ ಹಿಡಿದು ಬಾಗಿಲ ಬಳಿ ನಿಂತಿದ್ದ. "ಪುಸ್ತಕದಾಗ ಹಂಗ ಐತೇನ್ರಿ ಸರ್?" ಎಂದು ಕೇಳಿದ. ಹೌದು ಎಂದೆ. ಅವನು ವಾದ ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೇನೋ. ಅವನು ನಂಬಿದ. ಹಲಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದ. ಸಭಾಂಗಣದಲ್ಲಿ ಫ್ಲೆಕ್ಸ್ ಏರಿತು. ಅದರಲ್ಲಿ ಗೌರವ್ವನಿಗೆ ಗುಲಾಬಿ ಕೆನ್ನೆ, ಕಂಪ್ಯೂಟರ್ ತೊಡಿಸಿದ ನಾಲ್ಕೆಳೆ ಸರ. ನನ್ನ ಹೆಗಲಿಗೆ ಶಾಲು.

ಎರಡು ವರ್ಷಕ್ಕೆ ಗೌರವ್ವ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಅವಳ ಕಿರಿಯ ಸೊಸೆ ನಮ್ಮ ಮನೆಗೆ ಬಂದು, ಫ್ಲೆಕ್ಸಿನಲ್ಲಿರುವುದು ನಮ್ಮತ್ತೆಯಲ್ಲ, ಮಕ್ಕಳು ಗುರುತು ಹಿಡಿಯುತ್ತಿಲ್ಲ, ಆ ಪೇಂಟರ್ ಬರೆದದ್ದನ್ನು ಹೇಗಾದರೂ ಕೊಡಿಸಿರಿ ಎಂದಳು.

ರಜಾಕನ ಅಂಗಡಿಗೆ ಹೋದೆ. ಈಗ ಅಲ್ಲಿ ಬಣ್ಣದ ಡಬ್ಬಿಗಳಿರಲಿಲ್ಲ. ಬೈಕಿನ ನಂಬರ್ ಪ್ಲೇಟಿಗೆ ಸ್ಟಿಕರ್ ಕತ್ತರಿಸುತ್ತ ಕೂತಿದ್ದ. ನನ್ನನ್ನು ಕಂಡು ಎದ್ದುನಿಂತ, ಸ್ಟೂಲು ಒರೆಸಿ ಕೊಟ್ಟ. ಚಿತ್ರದ ಮಾತೆತ್ತಿದೆ. ಸಭಾಂಗಣದಿಂದ ಒಯ್ದ ವಾರವೇ ಅದರ ಮೇಲೆ ಬಿಳಿ ಬಣ್ಣ ಬಳಿದು ಹಾಲಿನ ಅಂಗಡಿಯ ಬೋರ್ಡು ಮಾಡಿಕೊಟ್ಟೆ ಎಂದ. "ತಪ್ಪ ಚಿತ್ರಾ ಇಟ್ಕೊಂಡು ಏನ್ ಮಾಡೋದ್ರಿ ಸರ್?"

ಆಗ ಹೇಳಿದೆ, ಚಿತ್ರ ತಪ್ಪಿರಲಿಲ್ಲ, ತಪ್ಪು ಹೇಳಿದವನು ನಾನು ಎಂದು. ಸಿಟ್ಟಾಗುತ್ತಾನೆಂದು ಕಾದೆ. ಅವನು ಕತ್ತರಿ ಕೆಳಗಿಟ್ಟ.

"ಕಣ್ಣ ಸರಿ ಇತ್ತೇನ್ರಿ?"

"ಇತ್ತು."

"ಬೆರಳ?"

ಬೆರಳು ಹೇಗಿತ್ತೆಂದು ಹೇಳಿದೆ. ಗಂಟುಗಳಲ್ಲಿ ಮಣ್ಣಿನ ಬಣ್ಣ ಉಳಿದದ್ದು, ಒಂದು ಕೈ ಇನ್ನೊಂದನ್ನು ಸುಮ್ಮನಿರಿಸುವಂತೆ ಹಿಡಿದುಕೊಂಡಿದ್ದು, ಪೊರೆ ಬಂದ ಕಣ್ಣೇ ನೋಡುವವನನ್ನು ಹೆಚ್ಚು ನೋಡುತ್ತಿದ್ದದ್ದು. ಅವನು ಒಂದೊಂದನ್ನೇ ಕೇಳುತ್ತ ಹೋದ, ನಾನು ಹೇಳುತ್ತ ಹೋದೆ. ಮೂವತ್ತೊಂದು ವರ್ಷದಲ್ಲಿ ನಾನು ಒಂದು ಚಿತ್ರವನ್ನು ನಿಜವಾಗಿ ವಿವರಿಸಿದ್ದು ಅದೊಂದೇ ಸಲ. ಕಣ್ಣೆದುರು ಚಿತ್ರವಿರಲಿಲ್ಲ. ನನ್ನ ಮಾತು ಮುಗಿದ ಮೇಲೆ ರಜಾಕ, "ಇದನ್ನ ಅವತ್ತಽ ಹೇಳಬೇಕಾಗಿತ್ರಿ" ಎಂದು ಮತ್ತೆ ಕತ್ತರಿ ಹಿಡಿದ. ಇನ್ನೊಮ್ಮೆ ಬರೆಯುತ್ತೀಯಾ ಎಂದು ಕೇಳಿದೆ. ನೋಡಿ ಬರೆಯಲು ಆಕೆ ಎಲ್ಲಿದ್ದಾಳೆ ಎಂದ. ಸೊಸೆಗೆ ನಾನು ಏನು ಹೇಳಿದೆನೆಂದು ಕೇಳಬೇಡಿ. ಅದನ್ನೂ ಪೂರ್ತಿ ಹೇಳಲಿಲ್ಲ.

ಇಟಲಿಯ ಮಹಾಶಯರ ಬಗ್ಗೆ ಉಪನ್ಯಾಸ ಕೊಡಿರೆಂದು ಈಗಲೂ ಯಾರಾದರೂ ಕರೆಯುತ್ತಾರೆ. ಸತ್ತು ನಾನೂರು ಐನೂರು ವರ್ಷವಾದವರನ್ನು ಹೊಗಳುವುದು ಸುಖದ ಕೆಲಸ, ಯಾವ ಅಧ್ಯಕ್ಷನಿಗೂ ಅದರಿಂದ ಸಿಟ್ಟು ಬರುವುದಿಲ್ಲ. ಅವರ ಕಾಲದಲ್ಲೂ ನನ್ನಂಥವನೊಬ್ಬ ಪಕ್ಕದಲ್ಲಿ ನಿಂತು ಹಳೆಯ ಗ್ರೀಕರ ಹೆಸರು ಹೇಳಿ ಯಾರದೋ ಕೈಯಿಂದ ಕುಂಚ ಬಿಡಿಸಿದ್ದಾನು. ಹಾಗೆ ಕುಂಚ ಬಿಟ್ಟವರು ಯಾವ ಪುಸ್ತಕದಲ್ಲೂ ಇಲ್ಲವಾದ್ದರಿಂದ, ಉಳಿದವರೇ ಎಲ್ಲರೂ ಅಂತ ನಾವು ತಿಳಿದಿದ್ದೇವೆ.