ಬೆನ್ನು ತೆರೆದ ಫ್ರಾಕ್

ಹಸನಾಕ, ಆ ಇಟಲಿಯ ಮೇಡಂ ಫ್ರಾಕಿಗೆ ಕತ್ತರಿ ಹಾಕಿದ್ದು ನಾನು. ನೀವಲ್ಲ. ಇದು ನಿಮಗೆ ಗೊತ್ತು, ನನಗೆ ಗೊತ್ತು — ಬೇರೆ ಯಾರಿಗೂ ನಾನು ಈವರೆಗೆ ಹೇಳಿಲ್ಲ.

ಎಪ್ಪತ್ತರ ದಶಕದ ಕೊನೆ. ಬಹ್ರೈನಿನ ಸೆಗಯಾದಲ್ಲಿ ನಮ್ಮ ಲೇಡೀಸ್ ಟೈಲರ್ ಅಂಗಡಿ. ನೀವು ಕಟಿಂಗ್ ಮಾಸ್ಟರ್, ನಾನು ಮೆಷಿನಿನಲ್ಲಿ. ಮೇಡಂಗೆ ವಯಸ್ಸಾಗಿತ್ತು, ಗಂಡ ತೀರಿಕೊಂಡ ಮೇಲೆ ಊರಿಗೆ ಮರಳುವವರಿದ್ದರು. ಹರೆಯದಲ್ಲಿ ಮೆಡಿಟರೇನಿಯನ್ ಕಡಲತೀರಕ್ಕೆ ಬೇಸಿಗೆ ಕಳೆಯಲು ಹೋಗುವಾಗ ತಮ್ಮ ಅಕ್ಕ ಹೊಲಿದುಕೊಟ್ಟ ಫ್ರಾಕ್ ತಂದಿದ್ದರು — ನಿಂಬೆಹಣ್ಣಿನ ಚಿತ್ರದ ಹತ್ತಿಬಟ್ಟೆ, ಕೊರಳ ಹಿಂದೆ ಗಂಟು, ಅಗಲ ಲಂಗ, ಸೊಂಟದವರೆಗೆ ತೆರೆದ ಬೆನ್ನು. ಮೇಲೆ ಹಾಕಲು ಅದೇ ಬಟ್ಟೆಯ ಗಿಡ್ಡ ಜಾಕೆಟ್. ಸೊಂಟ ಸ್ವಲ್ಪ ಸಡಿಲ ಮಾಡಬೇಕು, ಅಷ್ಟೆ. ಅಕ್ಕ ಈಗಿಲ್ಲ, ಅದೇ ತೀರದಲ್ಲಿ ಇನ್ನೊಮ್ಮೆ ಅದನ್ನು ತೊಡಬೇಕು ಎಂದಿದ್ದರು.

"ಬಾಯಮ್ಮ, ಇದಕ್ಕೆ ಬೆನ್ನು ಇಡ್ಲಿಕ್ಕೇ ಮರೆತಿದ್ದಾರಲ್ಲ," ಎಂದು ನೀವು ನನ್ನ ಕಡೆ ತಿರುಗಿ ನಕ್ಕಿರಿ. ಮತ್ತೆ ಹೇಳಿದಿರಿ, "ಇರ್ಲಿ. ಅವರು ಹೇಳಿದಷ್ಟೇ ಮಾಡುವ."

ನೀವು ಸಂಜೆಯ ಅಸರ್ ನಮಾಜಿಗೆ ಹೋದಿರಿ. ಹೊರದೇಶದ ರೆಡಿಮೇಡ್ ಫ್ರಾಕುಗಳಿಗೆ ತೋಳು ಸೇರಿಸುವುದು, ಬೆನ್ನು ಮುಚ್ಚುವುದು ನಮಗೆ ದಿನದ ಕೆಲಸ. ಈ ಪ್ರಾಯದಲ್ಲಿ ಬೆನ್ನು ತೋರಿಸಿಕೊಂಡು... ಬಾಯಿಬಿಟ್ಟು ಕೇಳಲು ಅವರಿಗೆ ನಾಚಿಕೆಯಾಗಿರಬೇಕು ಎಂದುಕೊಂಡೆ. ಜಾಕೆಟ್ ಕತ್ತರಿಸಿ ಬೆನ್ನು ಮುಚ್ಚಿದೆ. ಚೆನ್ನಾಗಿಯೇ ಕೂತಿತ್ತು — ನನಗೆ ಹೆಮ್ಮೆಯೂ ಆಯಿತು. ನೀವು ಮರಳುವ ಮೊದಲೇ ಮಡಚಿಟ್ಟೆ.

ಮರುದಿನ ಮೇಡಂ ಫ್ರಾಕ್ ಬಿಡಿಸಿ ನೋಡಿದರು. ಹೊಸ ಹೊಲಿಗೆಯ ಮೇಲೆ ಕೈಯಾಡಿಸಿದರು. ಮೇಜಿನ ಮೇಲೆ ಅದನ್ನು ಬಿಟ್ಟು ಹೊರಟುಹೋದರು.

ಅಂಗಡಿಯ ಅರ್ಬಾಬ್, ನಮ್ಮ ಧಣಿ, ಅಲ್ಲೇ ಇದ್ದರು. "ಕೋನ್ ಕಾಟಾ?" — ಯಾರು ಕತ್ತರಿಸಿದ್ದು ಎಂದು ಕೇಳಿದರು.

"ಮಾಸ್ಟರ್," ಎಂದೆ ನಾನು.

ಒಂದೇ ಶಬ್ದ. ಕತ್ತರಿ ಹಿಡಿಯುವವರು ನೀವೊಬ್ಬರೇ ಆದ್ದರಿಂದ ಅವರು ನಂಬಿದರು. ನೀವು ನನ್ನ ಕಡೆ ನೋಡಿದಿರಿ. ನಾನೇ ಹೇಳಲಿ ಎಂದು ಕಾಯುತ್ತಿದ್ದೀರೆಂದು ನನಗೆ ತಿಳಿಯಿತು. ನಾನು ತಲೆ ತಗ್ಗಿಸಿ ಸೂಜಿಗೆ ನೂಲು ಪೋಣಿಸತೊಡಗಿದೆ.

ಹೆದರಿದ್ದೆ ಎಂದು ಈ ಕಾಗದದಲ್ಲಿ ಬರೆದಿದ್ದೆ — ಹೊಡೆದುಹಾಕಿದೆ.

ನಿಮ್ಮ ವೀಸಾ ರದ್ದಾಯಿತು. ನಿಮ್ಮ ಜಾಗ ನನಗೆ ಬಂತು. ಆಮೇಲೆ ಅಲ್ಲಿದ್ದ ಅಷ್ಟೂ ವರ್ಷ ನಾನು ಯಾರ ಜೊತೆಗೂ ಊಟಕ್ಕೆ ಕೂರಲಿಲ್ಲ. ಕರೆಯುವವರು ಮೊದಮೊದಲು ಕರೆದರು, ಮತ್ತೆ ಬಿಟ್ಟರು.

ಬಟ್ಟೆ ಹಾಳು ಮಾಡಿ ಗಲ್ಫಿನಿಂದ ಓಡಿಸಿಕೊಂಡವ ಎಂದು ಊರಲ್ಲಿ ನಿಮ್ಮನ್ನು ಈಗಲೂ ಆಡಿಕೊಳ್ಳುತ್ತಾರಂತೆ. ನಿಮ್ಮ ಮಗನೂ ಹಾಗೆಯೇ ತಿಳಿದಿದ್ದಾನಂತೆ. ಅವನಿಗೂ ನೀವು ಹೇಳಲಿಲ್ಲವೇ —

ಈ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರ ನಿಮ್ಮ ಮನೆಗೆ ಬರುತ್ತೇನೆ. ಮಗನಿಗೆ ಮನೆಯಲ್ಲೇ ಇರಲು ಹೇಳಿ. ನೀವು ಹೊರಗೆ ಬರದಿದ್ದರೂ ಸರಿ. ಅವನಿಗೆ ಅಂಗಳದಲ್ಲಿ ನಿಂತೇ ಹೇಳಿ ಹೋಗುತ್ತೇನೆ.